ತಾಂಡೇಲನ ಕಣ್ಣಿಗೆ ಕೊಟ್ಟ ದುಡ್ಡು: ಹುವಧು ಅಟಾಲಿನಲ್ಲಿ ಏಳು ರಾತ್ರಿಯ ಸರ್ಫಿಂಗ್ ದೋಣಿ

ಕಳೆದ ಏಪ್ರಿಲ್ ರಜೆಯಲ್ಲಿ ನಾವು ಆರು ಮಂದಿ, ಕಾರವಾರದ ಮೂವರು, ಗೋಕರ್ಣದ ಇಬ್ಬರು ಮತ್ತು ಶಿರಸಿಯ ನನ್ನ ಒಬ್ಬ ಗೆಳತಿ, ಮಾಲ್ಡೀವ್ಸ್‌ನ ದಕ್ಷಿಣ ಭಾಗದಲ್ಲಿರುವ ಹುವಧು ಅಟಾಲಿನಲ್ಲಿ, ಅಂದರೆ ಬಳೆಯಾಕಾರದ ಹವಳದ್ವೀಪಗಳ ಸಾಲಿನಲ್ಲಿ, ಬಾಡಿಗೆ ದೋಣಿಯ ಮೇಲೆಯೇ ಏಳು ರಾತ್ರಿ ಉಳಿದು, ಹವಳದಿಬ್ಬಗಳ ಮೇಲೆ ಒಡೆಯುವ ಅಲೆಗಳಲ್ಲಿ ಸರ್ಫಿಂಗ್ ಮಾಡಿ ಬಂದೆವು. ಊರಿಗೆ ಮರಳಿದಂದಿನಿಂದ ಗೋಕರ್ಣದ ಕುಡ್ಲೆಯಲ್ಲಿಯೂ ಕಾರವಾರದ ಠಾಗೋರ್ ಕಡಲತೀರದಲ್ಲಿಯೂ ಎದುರಾದ ಬೋರ್ಡು ಹಿಡಿದವರೆಲ್ಲ ಕೇಳುತ್ತಿರುವುದು ಒಂದೇ ಮಾತು: ಅಷ್ಟು ದುಡ್ಡಿಗೆ ಅದು ತಕ್ಕುದೇ? ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಮೇಲೆಂದು ಇದನ್ನು ಬರೆಯುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದೋಣಿ ನಡೆಸಿದವರ ಕೆಲಸಕ್ಕೆ ಆ ದುಡ್ಡು ತಕ್ಕುದು. ಆ ದೋಣಿಯನ್ನು ನಮಗೆ ಮಾರಿದವರ ಕೆಲಸಕ್ಕೆ ಅಲ್ಲ. ದೋಣಿಯ ಹೆಸರನ್ನಾಗಲಿ ಏಜೆನ್ಸಿಯ ಹೆಸರನ್ನಾಗಲಿ ಇಲ್ಲಿ ಕೊಡುತ್ತಿಲ್ಲ. ಹೆಸರು ನೋಡಿ, ಫೋಟೋ ನೋಡಿ ನಾವು ಕಾದಿರಿಸಿದ ದೋಣಿಯೇ ನಮಗೆ ಸಿಗಲಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಹೊರಡಲು ಒಂಬತ್ತು ದಿನ ಇರುವಾಗ, ಯಂತ್ರದ ದುರಸ್ತಿಯ ನೆಪದಿಂದ ‘ಅದೇ ದರ್ಜೆಯ ಇನ್ನೊಂದು ದೋಣಿ’ಯನ್ನು ಕೊಡಲಾಗುವುದು ಎಂಬ ಎರಡು ಸಾಲಿನ ಪತ್ರ ಬಂತು. ಇನ್ನೊಂದು ಕಾರಣವೆಂದರೆ, ಇಂಥ ದೋಣಿಗಳ ಸಿಬ್ಬಂದಿ ಋತುವಿನಿಂದ ಋತುವಿಗೆ ಬದಲಾಗುತ್ತಾರೆ. ಈ ಪ್ರವಾಸದಲ್ಲಿ ಬೆಲೆಯುಳ್ಳದ್ದು ಹಲಗೆ, ಬಣ್ಣ, ಕೋಣೆಗಳಲ್ಲ. ನಸುಕಿನಲ್ಲಿ ಎದ್ದು ಇಂದು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಮನುಷ್ಯ. ಅವನು ಬೇರೆ ದೋಣಿಗೆ ಹೋದರೆ ನಾನು ಹೊಗಳಿದ್ದೆಲ್ಲವೂ ಅವನ ಬೆನ್ನ ಹಿಂದೆಯೇ ಹೋಗುತ್ತದೆ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ದೋಣಿಗೆ, ಊಟವೂ ಸೇರಿ, ತಲೆಗೆ 1 ಲಕ್ಷ 28 ಸಾವಿರ ರೂಪಾಯಿ ಕೊಟ್ಟೆವು. ವಿಮಾನದ ಖರ್ಚು ಬೇರೆ. ‘ಎಲ್ಲವೂ ಸೇರಿದೆ’ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರೂ, ಮಾಲ್ಡೀವ್ಸ್ ಸರಕಾರ ಪ್ರವಾಸಿಗರಿಂದ ವಸೂಲು ಮಾಡುವ ಹಸಿರು ತೆರಿಗೆಯನ್ನು, ಅಂದರೆ ರಾತ್ರಿಗೆ 12 ಡಾಲರಿನಂತೆ ಏಳು ರಾತ್ರಿಗೆ 84 ಡಾಲರನ್ನು, ದೋಣಿ ಹತ್ತಿದ ಮೊದಲ ಸಂಜೆಯೇ ನಗದಾಗಿ ಕೇಳಿದರು. ತೆರಿಗೆಯ ಬಗ್ಗೆ ನನ್ನ ತಕರಾರಿಲ್ಲ. ಹವಳದ ದೇಶಕ್ಕೆ ಹವಳ ನೋಡಲು ಹೋದವರು ಅದನ್ನು ಕೊಡಬೇಕಾದದ್ದೇ. ಆದರೆ ಅದನ್ನು ಮೊದಲೇ ತಿಳಿಸಿದ್ದರೆ ಮೂವರು ಡಾಲರಿಗಾಗಿ ಇನ್ನೊಬ್ಬರ ಮುಖ ನೋಡುವ ಪ್ರಸಂಗ ಬರುತ್ತಿರಲಿಲ್ಲ.

ಹೋಗುವ ದಾರಿ ಉದ್ದದ್ದು. ಕಾರವಾರದಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣ ಮಾಡಿ ಬೆಂಗಳೂರು, ಅಲ್ಲಿಂದ ನೇರ ವಿಮಾನದಲ್ಲಿ ಮಾಲೆ, ಮಾಲೆಯಿಂದ ಸಣ್ಣ ವಿಮಾನದಲ್ಲಿ ಸುಮಾರು 400 ಕಿಲೋಮೀಟರ್ ದಕ್ಷಿಣಕ್ಕಿರುವ, ಹುವಧುವಿನ ಕಾಡೆದ್ದೂ ದ್ವೀಪ. ಏಳು ಅಡಿಯ ಬೋರ್ಡಿನ ಚೀಲವನ್ನು ರೈಲಿನ ಬರ್ತಿನ ಕೆಳಗೆ ತುರುಕಲಾಗದೆ ಒದ್ದಾಡುತ್ತಿದ್ದಾಗ, ಎದುರಿನ ಸೀಟಿನ ಅಜ್ಜಿಯೊಬ್ಬರು ಇದು ಯಕ್ಷಗಾನ ಮೇಳದವರ ಪೆಟ್ಟಿಗೆಯೇ ಎಂದು ಕೇಳಿದರು. ಒಳನಾಡಿನ ಸಣ್ಣ ವಿಮಾನಗಳಲ್ಲಿ ಬೋರ್ಡಿನ ಉದ್ದಕ್ಕೂ ತೂಕಕ್ಕೂ ಮಿತಿಯಿರುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆದುಕೊಳ್ಳಬೇಕು. ಇನ್ನೂ ಒಂದು ಸೂಚನೆ ನಮ್ಮ ಕಡೆಯವರಿಗೆ ಮುಖ್ಯ. ಭಾರತೀಯರಿಗೆ ಮೊದಲೇ ಪಡೆಯಬೇಕಾದ ವೀಸಾ ಇಲ್ಲ, ಆದರೆ ಆ ದೇಶದೊಳಕ್ಕೆ ಮದ್ಯವನ್ನಾಗಲಿ ಪೂಜಿಸುವ ವಿಗ್ರಹವನ್ನಾಗಲಿ ಒಯ್ಯುವಂತಿಲ್ಲ. ನನ್ನ ಗೆಳತಿ ಕೈಚೀಲದಲ್ಲಿ ಸದಾ ಇಟ್ಟುಕೊಳ್ಳುವ ಹೆಬ್ಬೆರಳು ಗಾತ್ರದ ಗಣಪತಿಯನ್ನು ಬೆಂಗಳೂರಿನ ಅಣ್ಣನ ಮನೆಯಲ್ಲಿ ಬಿಟ್ಟು ಬಂದಳು.

ನಮ್ಮ ಕರಾವಳಿಯಲ್ಲೇ ಅಲೆಗಳಿರುವಾಗ ಅಷ್ಟು ದೂರ ಹೋಗುವುದೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳಾದ್ದರಿಂದ ಹೇಳದೆ ಇರಲಾರೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, 40 ಡಿಗ್ರಿ ಅಕ್ಷಾಂಶದಿಂದಾಚೆಗೆ, ಬಿರುಗಾಳಿಗಳು ವರ್ಷವಿಡೀ ಬೀಸುತ್ತವೆ. ಅಲ್ಲಿ ಹುಟ್ಟಿದ ಉಬ್ಬಲೆಗಳು ಗಾಳಿಯನ್ನು ಹಿಂದೆ ಬಿಟ್ಟು ತಾವೇ ಪ್ರಯಾಣ ಹೊರಡುತ್ತವೆ. ಒಂದು ಅಲೆಗೂ ಮುಂದಿನ ಅಲೆಗೂ 15 ಸೆಕೆಂಡುಗಳ ಅಂತರವಿರುವ ಉಬ್ಬಲೆಯ ಗುಂಪು ಆಳಸಮುದ್ರದಲ್ಲಿ ಗಂಟೆಗೆ ಸುಮಾರು 42 ಕಿಲೋಮೀಟರ್, ಅಂದರೆ ದಿನಕ್ಕೆ ಸುಮಾರು ಸಾವಿರ ಕಿಲೋಮೀಟರ್ ಸಾಗುತ್ತದೆ. ಸಮಭಾಜಕ ವೃತ್ತಕ್ಕೆ ಒಂದು ಡಿಗ್ರಿಗಿಂತಲೂ ಹತ್ತಿರವಿರುವ ಹುವಧುವಿಗೆ ಅದು ಐದಾರು ದಿನಗಳಲ್ಲಿ ತಲುಪುತ್ತದೆ. ಕೇರಳದವರು ಕಳ್ಳಕ್ಕಡಲ್ ಎಂದು ಕರೆಯುವ, ಗಾಳಿಯಿಲ್ಲದ ದಿನ ಏಕಾಏಕಿ ದಡಕ್ಕೇರುವ ನೀರು ಈ ಜಾತಿಯ ಉಬ್ಬಲೆಯೇ. ಅದರ ಮುನ್ಸೂಚನೆಯನ್ನು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆಯಾದ ಇನ್‌ಕೋಯಿಸ್ ಪ್ರಕಟಿಸುವುದನ್ನು ನಮ್ಮ ಮೀನುಗಾರರು ಮೊಬೈಲಿನಲ್ಲಿ ನೋಡುತ್ತಲೇ ಇರುತ್ತಾರೆ.

ಕಾರವಾರಕ್ಕೆ ಬರುವಷ್ಟರಲ್ಲಿ ಆ ಉಬ್ಬಲೆ ದ್ವೀಪಸಾಲುಗಳ ನಡುವೆ ಸೋಸಿ, ಹತ್ತಾರು ಕಿಲೋಮೀಟರ್ ಅಗಲದ ಆಳವಿಲ್ಲದ ಕಡಲತಳದ ಮೇಲೆ ತೆವಳಿ, ಕಸುವನ್ನೆಲ್ಲ ಕಳೆದುಕೊಂಡಿರುತ್ತದೆ. ಅಟಾಲಿನಲ್ಲಿ ಹಾಗಲ್ಲ. ಅಲ್ಲಿ ತಳವು ನೂರಾರು ಮೀಟರ್ ಆಳದಿಂದ ಗೋಡೆಯಂತೆ ಎದ್ದು ನಿಲ್ಲುತ್ತದೆ. ಅಲೆಯೊಂದು ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಐದು ಸಾವಿರ ಕಿಲೋಮೀಟರ್ ದೂರದಿಂದ ಬಂದ ಅಲೆ, ಏನನ್ನೂ ಖರ್ಚು ಮಾಡದೆ, ನೇರವಾಗಿ ಆ ಗೋಡೆಯ ತಲೆಗೆ ಬಂದು ಮಗುಚಿಕೊಳ್ಳುತ್ತದೆ. ನಮ್ಮ ಕಾಳಿಯ ಅಳಿವೆಯ ಬಳಿ ಪ್ರತಿ ಮಳೆಗಾಲ ಕಳೆದ ಮೇಲೆ ಮರಳದಿಬ್ಬ ಎಲ್ಲಿ ಬಿದ್ದಿದೆಯೆಂದು ಹೊಸದಾಗಿ ಹುಡುಕಬೇಕು. ಹವಳದಿಬ್ಬ ಮಾತ್ರ ಇದ್ದಲ್ಲಿಯೇ ಇರುತ್ತದೆ. ಹೀಗಾಗಿ ಅಲೆಯೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ, ಒಬ್ಬನೇ ಕೆತ್ತಿದವನಂತೆ ಮತ್ತೆ ಮತ್ತೆ ಏಳುತ್ತದೆ. ಅದರ ಸುಖವೂ ಅಲ್ಲೇ, ಅಪಾಯವೂ ಅಲ್ಲೇ. ಮರಳಿನ ಮೇಲೆ ಬಿದ್ದರೆ ಮೈ ನವೆಯುತ್ತದೆ, ಹವಳದ ಮೇಲೆ ಬಿದ್ದರೆ ಹೊಲಿಗೆ ಬೀಳುತ್ತದೆ.

ಅಟಾಲ್ ಎಂಬ ಮಾತೇ ಮಾಲ್ಡೀವ್ಸ್‌ನವರ ದಿವೇಹಿ ಭಾಷೆಯಿಂದ ಜಗತ್ತಿಗೆ ಹೋದದ್ದು. ಬಳೆಯಾಕಾರದ ಈ ಹವಳಸಾಲಿನಲ್ಲಿ ಅಲ್ಲಲ್ಲಿ ಬಿರುಕುಗಳಿದ್ದು, ಅವುಗಳ ಮೂಲಕ ಒಳಗಿನ ನೀರೂ ಹೊರಗಿನ ಕಡಲೂ ಉಬ್ಬರ ಇಳಿತಕ್ಕೆ ತಕ್ಕಂತೆ ಹರಿದಾಡುತ್ತವೆ. ಈ ಕಾಲುವೆಗೆ ಅವರು ‘ಕಂಡು’ ಎನ್ನುತ್ತಾರೆ. ಮೊದಲ ದಿನ ಕಪ್ತಾನರು ಕಂಡು, ಕಂಡು ಎಂದು ಕೈ ತೋರಿಸುತ್ತಿದ್ದಾಗ, ಏನು ಕಂಡರೋ ಎಂದು ನಾವೂ ಆ ಕಡೆ ಕತ್ತು ಚಾಚಿದ್ದೆವು. ಒಳ್ಳೆಯ ಅಲೆಗಳೆಲ್ಲ ಈ ಕಾಲುವೆಗಳ ಬಾಯಲ್ಲಿ, ದಿಬ್ಬವು ಒಳಕ್ಕೆ ಬಾಗುವ ಮೂಲೆಯಲ್ಲಿ ಇರುತ್ತವೆ. ದಿಬ್ಬದ ಬಾಗಿಗೆ ತಕ್ಕಂತೆ ಅಲೆಯೂ ಬಾಗಿ, ಒಂದೇಟಿಗೆ ಉದ್ದಕ್ಕೂ ಕುಸಿಯದೆ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಲಿಯುತ್ತ ಹೋಗುತ್ತದೆ. ಪಕ್ಕದ ಆಳದ ಕಾಲುವೆಯಲ್ಲಿ ದೋಣಿ ನಿಶ್ಚಿಂತೆಯಾಗಿ ನಿಲ್ಲುತ್ತದೆ. ಈ ದೇಶದಲ್ಲಿ ಸರ್ಫಿಂಗ್ ಶುರುವಾದದ್ದೂ ಇಂಥ ದಿಬ್ಬವೊಂದರ ದೆಸೆಯಿಂದಲೇ: 1973ರಲ್ಲಿ ಹಡಗು ದಿಬ್ಬಕ್ಕೆ ಬಡಿದು ಮಾಲೆಯ ಉತ್ತರದ ದ್ವೀಪಗಳಲ್ಲಿ ಸಿಕ್ಕಿಬಿದ್ದ ಆಸ್ಟ್ರೇಲಿಯಾದ ಟೋನಿ ಹಿಂಡ್ ಅಲ್ಲಿಯ ಅಲೆಗಳನ್ನು ನೋಡಿ ಅಲ್ಲಿಯೇ ನೆಲೆಸಿದರು. ಇಂದು ಮಾಲೆಯ ಸುತ್ತಲಿನ ಅಲೆಗಳಲ್ಲಿ ರೆಸಾರ್ಟಿನವರದ್ದೂ ದಿನದೋಣಿಗಳದ್ದೂ ಸಂತೆ. ದಕ್ಷಿಣಕ್ಕೆ ಹೋದಷ್ಟೂ ಜನ ಕಡಿಮೆ. ಹುವಧುವಿನಲ್ಲಿ ನಾವಿದ್ದ ಏಳು ದಿನ ನಮ್ಮದಲ್ಲದೆ ಕಂಡದ್ದು ಇನ್ನೊಂದೇ ಸರ್ಫಿಂಗ್ ದೋಣಿ. ಎರಡೂ ದೋಣಿಯ ಕಪ್ತಾನರು ರಾತ್ರಿ ವಯರ್‌ಲೆಸ್ಸಿನಲ್ಲಿ ಮಾತಾಡಿಕೊಂಡು, ನಾಳೆ ನೀನು ಆ ಕಡೆ, ನಾನು ಈ ಕಡೆ ಎಂದು ಹಂಚಿಕೊಳ್ಳುತ್ತಿದ್ದರು.

ಈಗ ಆ ಕಪ್ತಾನರ ವಿಷಯ. ಕಾರವಾರದ ಬೈತಖೋಲ ಬಂದರಿನಲ್ಲಿ ತಾಂಡೇಲ ಎಂದರೆ ಏನರ್ಥವೋ ದಿವೇಹಿಯಲ್ಲಿ ಕೇಯೊಳು ಎಂದರೆ ಅದೇ ಅರ್ಥ: ಮೀನುದೋಣಿಯ ಯಜಮಾನ, ಬಲೆಯೋ ಗಾಳವೋ ಎಲ್ಲಿ ಬೀಳಬೇಕೆಂದು ಹೇಳುವವನು. ಐವತ್ತೈದರ ಆಸುಪಾಸಿನ ಇವರು ಮೊದಲು ಟೂನಾ ಹಿಡಿಯುವ ದೋಣಿಯಲ್ಲಿದ್ದವರು. ಸರ್ಫಿಂಗ್ ಬೋರ್ಡಿನ ಮೇಲೆ ಅವರು ಎಂದೂ ನಿಂತವರಲ್ಲವಂತೆ. ಆದರೂ ನಸುಕಿನ ಐದು ಗಂಟೆಗೆ ಕಪ್ಪು ಚಹಾದ ಲೋಟ ಹಿಡಿದು ದೋಣಿಯ ಮೂತಿಯಲ್ಲಿ ನಿಂತು ಅವರು ನೋಡುತ್ತಿದ್ದುದು ಅಲೆಯ ಎತ್ತರವನ್ನಲ್ಲ, ಒಡೆಯುವ ಅಲೆಯ ನೆತ್ತಿಯಿಂದ ಹಾರುವ ತುಂತುರನ್ನು. ತುಂತುರು ಕಡಲಿನ ಕಡೆಗೆ ಹಿಂದಕ್ಕೆ ಹಾರಿದರೆ ಗಾಳಿ ದಿಬ್ಬದ ಮೇಲಿಂದ ಬೀಸುತ್ತಿದೆ, ಅಲೆಯ ಮುಖ ನುಣುಪಾಗಿರುತ್ತದೆ ಎಂದು ಅರ್ಥ. ಮುಂದಕ್ಕೆ ಬಿದ್ದರೆ ಲಂಗರು ಎತ್ತುವುದೇ.

ಬಾಡಿಗೆ ದೋಣಿಯ ಪ್ರಯೋಜನವೆಲ್ಲ ಈ ಲಂಗರು ಎತ್ತುವ ಸ್ವಾತಂತ್ರ್ಯದಲ್ಲಿದೆ. ನಮ್ಮ ಕರಾವಳಿಯಲ್ಲಿ ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಗಾಳಿ ಬೀಸಿ ಅಲೆಗಳನ್ನು ತಾನಾಗಿ ಬಾಚಿಕೊಡುತ್ತದೆ. ಸೂರ್ಯ ಮೇಲೇರಿದ ಮೇಲೆ ಅದು ತಿರುಗುವುದು ಎಲ್ಲರಿಗೂ ಗೊತ್ತು. ಒಂದು ತೆಂಗಿನ ತೋಟದಷ್ಟು ಅಗಲದ ದ್ವೀಪಕ್ಕೆ ಹಾಗೆ ಸ್ವಂತದ ನೆಲಗಾಳಿಯನ್ನು ಹುಟ್ಟಿಸುವ ಶಕ್ತಿಯಿಲ್ಲ. ಅಲ್ಲಿ ತೆರೆದ ಕಡಲಿನ ಗಾಳಿಯೇ ಗಾಳಿ. ಆದ್ದರಿಂದ ದ್ವೀಪದಲ್ಲಿ ಕೋಣೆ ಹಿಡಿದು ಕುಳಿತವರಿಗೆ ಗಾಳಿ ತಿರುಗಿದರೆ ಆ ದಿನ ಮುಗಿಯಿತು. ದೋಣಿಯಲ್ಲಿದ್ದವರು ಬಳೆಯ ಇನ್ನೊಂದು ಮಗ್ಗುಲಿಗೆ ಹೋಗಬಹುದು. ಏಪ್ರಿಲ್ ಎಂದರೆ ಈಶಾನ್ಯದ ಗಾಳಿ ಕುಂದಿ ನೈರುತ್ಯದ್ದು ಇನ್ನೂ ನೆಲೆಗೊಳ್ಳದ ಕಾಲ. ಗಾಳಿ ಹಗುರವೇನೋ ಹೌದು, ಆದರೆ ದಿಕ್ಕಿನ ಭರವಸೆಯಿಲ್ಲ.

ಮೂರನೆಯ ದಿನದ ಸಂಗತಿಯನ್ನು ಹೇಳಿದರೆ ಇದು ಸ್ಪಷ್ಟವಾದೀತು. ಹಿಂದಿನ ರಾತ್ರಿ ಮುನ್ಸೂಚನೆಯಲ್ಲಿ ಎರಡು ಮೀಟರ್ ಎತ್ತರದ, 15 ಸೆಕೆಂಡಿನ ಉಬ್ಬಲೆ ಬರುವುದೆಂದಿತ್ತು. ಏಜೆನ್ಸಿಯವರು ನಮ್ಮ ಜೊತೆ ಕಳಿಸಿದ್ದ ಗೈಡ್ ಹುಡುಗ, ಹುವಧುವಿನ ಹೆಸರಾಂತ ಬೀಕನ್ಸ್ ಅಲೆಗೇ ಹೋಗೋಣ, ಫೋಟೋ ಚೆನ್ನಾಗಿ ಬರುತ್ತದೆ ಎಂದು ಎಲ್ಲರನ್ನೂ ಒಪ್ಪಿಸಿದ್ದ. ಊಟದ ತಟ್ಟೆ ತೊಳೆಯುತ್ತಿದ್ದ ಕಪ್ತಾನರು ಪಡುವಣದ ಅಡಿಯಲ್ಲಿ ಸಾಲುಗಟ್ಟಿದ್ದ ಮೋಡಗಳನ್ನು ಒಮ್ಮೆ ನೋಡಿ, ತಮ್ಮ ಅರೆಬರೆ ಹಿಂದಿಯಲ್ಲಿ, ‘ಒಂಬತ್ತು ಗಂಟೆಗೆ ಪಡುವಣ ಗಾಳಿ. ಬೇಡ’ ಎಂದರು. ಅಷ್ಟೇ. ಗೈಡ್ ಮೊಬೈಲು ತೋರಿಸಿದ. ಅವರು ತಟ್ಟೆ ಒರೆಸಿದರು. ನಸುಕಿನ ಮೂರೂವರೆಗೆ ಯಂತ್ರದ ಸದ್ದಿಗೆ ನಮಗೆ ಎಚ್ಚರವಾಯಿತು. ಬೆಳಕು ಹರಿದಾಗ ನಾವು ಅಟಾಲಿನ ಮೂಡಣ ಅಂಚಿನ ಮೂಲೆಯೊಂದರಲ್ಲಿದ್ದೆವು. ಉಬ್ಬಲೆ ದಿಬ್ಬವನ್ನು ಸುತ್ತಿ ಬಾಗಿ ಬರುವಷ್ಟರಲ್ಲಿ ಎತ್ತರದಲ್ಲಿ ತುಸು ಕುಗ್ಗಿತ್ತು, ಆದರೆ ಎದೆಯೆತ್ತರದ, ಎಣ್ಣೆ ಸವರಿದಂಥ ಅಲೆಗಳು ಒಂದರ ಹಿಂದೊಂದು ಬರುತ್ತಿದ್ದವು. ಒಂಬತ್ತಕ್ಕಲ್ಲ, ಎಂಟೂಮುಕ್ಕಾಲಿಗೇ ಪಡುವಣ ಗಾಳಿ ಬಂತು. ಆ ಮೂಲೆಯಲ್ಲಿ ಅದು ದಿಬ್ಬದ ಮೇಲಿಂದ ಬೀಸಿ ಅಲೆಗಳನ್ನು ಇನ್ನಷ್ಟು ಎತ್ತಿ ಹಿಡಿಯಿತು. ಐದು ತಾಸು ನಾವು ಆರು ಮಂದಿಯೇ. ಸಂಜೆ ಆ ಜಾಗದ ಹೆಸರು ಕೇಳಿದೆ. ಹೇಳಿದರು, ಆದರೆ ಎಲ್ಲೂ ಬರೆಯಬೇಡಿ ಎಂದರು, ಬರೆಯುತ್ತಿಲ್ಲ.

ಅವರ ಇನ್ನೊಂದು ನಡವಳಿಕೆಯನ್ನೂ ಹೇಳಬೇಕು. ಎಂಥ ಆತುರವಿದ್ದರೂ ಲಂಗರನ್ನು ಅವರು ಹವಳದ ಮೇಲೆ ಬಿಡಗೊಡುತ್ತಿರಲಿಲ್ಲ. ನೀರಿನ ಬಣ್ಣ ನೋಡಿ, ತಿಳಿ ಹಸಿರಿನ ಮರಳತಳ ಸಿಗುವವರೆಗೆ ದೊಡ್ಡ ದೋಣಿಯನ್ನು ಒಳಗಿನ ಕೆರೆಯಂಥ ನೀರಿಗೆ ಒಯ್ದು ನಿಲ್ಲಿಸಿ, ಅಲ್ಲಿಂದ ನಮ್ಮನ್ನು ಸಣ್ಣ ದೋಣಿಯಲ್ಲಿ ಅಲೆಯ ಬಳಿಗೆ ಕರೆದೊಯ್ಯುತ್ತಿದ್ದರು. ನೀರು ಬಿಸಿಯೇರಿ ಹವಳ ಬಿಳಚಿಕೊಳ್ಳುವ ಪಿಡುಗು ಆ ದೇಶವನ್ನು 1998ರಲ್ಲಿಯೂ 2016ರಲ್ಲಿಯೂ ಬಲವಾಗಿ ಹೊಡೆದಿತ್ತು. ಮುಳುಗಿ ನೋಡಿದರೆ ಮುರಿದ ಬಿಳಿ ಕಡ್ಡಿಗಳ ರಾಶಿಯ ನಡುವೆ ಕಂದು, ನೇರಳೆ ಬಣ್ಣದ ಹೊಸ ಚಿಗುರುಗಳು ಕಾಣುತ್ತವೆ. ಒಂದು ಲಂಗರು ಅವುಗಳ ಮೇಲೆ ಎಳೆದಾಡಿದರೆ ಎಷ್ಟು ವರ್ಷದ ಬೆಳೆ ಹೋಗುತ್ತದೆಂದು ಲೆಕ್ಕ ಹಾಕುವ ಅಗತ್ಯವಿಲ್ಲ.

ಊಟದ ವಿಷಯದಲ್ಲಿ ಕರಾವಳಿಯವರಿಗೆ ತವರಿಗೆ ಹೋದಂತಾಗುತ್ತದೆ. ದೋಣಿಗೆ ಅವರು ಧೋನಿ ಎನ್ನುತ್ತಾರೆ, ರೊಟ್ಟಿಗೆ ರೊಶಿ. ನಮ್ಮ ಬಾಲ್ಯದ ಕವಡೆಯಾಟದ ಕವಡೆಗಳು ಹಿಂದಿನ ಕಾಲದಲ್ಲಿ ರಾಶಿರಾಶಿಯಾಗಿ ಭಾರತಕ್ಕೆ ಬರುತ್ತಿದ್ದುದೂ ಈ ದ್ವೀಪಗಳಿಂದಲೇ. ದಿನವೂ ಬೆಳಗ್ಗೆ ಅಡುಗೆಯವನು ಹುನಿಗೊಂಡಿ ಎಂಬ ಕುಳ್ಳು ಮಣೆಯ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದ. ಮುಂದೆ ಚಾಚಿದ ಹಲ್ಲುಹಲ್ಲಿನ ನಾಲಿಗೆ, ಕೆಳಗೆ ತಟ್ಟೆ, ನಮ್ಮನೆಯ ಹೆರೆಮಣೆಗೂ ಅದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಆ ತುರಿಗೆ, ನಮ್ಮಲ್ಲಿ ಗೇದರ ಎನ್ನುವ ಟೂನಾ ಮೀನನ್ನು ಬೇಯಿಸಿ ಪುಡಿಮಾಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಮೆಣಸು, ಲಿಂಬೆರಸ ಬೆರೆಸಿ ಕೈಯಲ್ಲಿ ಹಿಚುಕಿದರೆ ಮಸ್ ಹುನಿ. ಅಲೆಯಿಂದ ನಡುಗುತ್ತ ಬಂದವರಿಗೆ ಬಿಸಿ ರೊಶಿಯೊಂದಿಗೆ ಅದಕ್ಕಿಂತ ಬೇರೇನೂ ಬೇಕಾಗುವುದಿಲ್ಲ. ಏಳೂ ದಿನ ಮೂರೂ ಹೊತ್ತು ಟೂನಾ ಎಂಬುದು ಮಾತ್ರ ಅತಿಯಾಯಿತು. ಬಂಗಡೆಯ ನೆನಪಾಗದವರು ನಮ್ಮಲ್ಲಿ ಯಾರೂ ಉಳಿಯಲಿಲ್ಲ. ಶಿರಸಿಯ ಗೆಳತಿ ಸಸ್ಯಾಹಾರಿ. ಮೊದಲೇ ತಿಳಿಸಿದ್ದರೂ ಅವಳಿಗೆ ಸಿಕ್ಕಿದ್ದು ಅನ್ನ, ಬೇಳೆಯ ನೀರು, ಕೆಚಪ್ಪು. ಮನೆಯಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಅವಳನ್ನು ಉಳಿಸಿತು. ಐದನೆಯ ದಿನದ ಹೊತ್ತಿಗೆ ಅಡುಗೆಯವನೂ ಅದಕ್ಕೆ ಚಮಚ ಹಾಕತೊಡಗಿದ್ದ.

ಕೋಣೆಗಳು ಸಣ್ಣವು, ಚೊಕ್ಕಟವಾಗಿದ್ದವು. ಹೆಂಗಸರಿಬ್ಬರಿಗೆ ಒಳಗಿನಿಂದ ಚಿಲಕವಿರುವ ಪ್ರತ್ಯೇಕ ಕೋಣೆ, ಪ್ರತ್ಯೇಕ ಬಚ್ಚಲು ಸಿಕ್ಕಿತು. ಸಿಬ್ಬಂದಿಯ ನಡತೆಯಲ್ಲಿ ಬೊಟ್ಟು ಮಾಡುವಂಥದ್ದೇನೂ ಇರಲಿಲ್ಲ. ಜನವಸತಿಯ ದ್ವೀಪಗಳಿಗೆ ಇಳಿಯುವಾಗ ಹೆಗಲೂ ತೊಡೆಯೂ ಮುಚ್ಚುವ ಬಟ್ಟೆ ಬೇಕೆಂಬುದು ನೆನಪಿರಲಿ. ಜನರೇಟರಿನ ಗುರ್ರೆಂಬ ಸದ್ದು ಕೆಳಗಿನ ಎರಡು ಕೋಣೆಗಳಿಗೆ ರಾತ್ರಿಯಿಡೀ ತಪ್ಪಿದ್ದಲ್ಲ.

ಇನ್ನು ಗಂಭೀರವಾದ ದೂರು. ಐದನೆಯ ದಿನ ಗಾಳಿ ಹದಕ್ಕೆ ಬಂದು, ಕಪ್ತಾನರೇ ನಮ್ಮನ್ನು ಬೀಕನ್ಸ್‌ಗೆ ಕರೆದೊಯ್ದರು. ಬಲಕ್ಕೆ ಸುಲಿಯುವ, ಬಹಳ ತೆಳ್ಳನೆಯ ನೀರಿನ ಮೇಲೆ ಒಡೆಯುವ ಅಲೆ ಅದು. ಕಾಲುವೆಯಲ್ಲಿ ನಿಂತ ಸಣ್ಣ ದೋಣಿಯಿಂದ ನೋಡಿದರೆ, ಅಲೆ ಏಳುವ ಮೊದಲು ದಿಬ್ಬದ ಮೇಲಿನ ನೀರೆಲ್ಲ ಅದರ ಬುಡಕ್ಕೆ ಹೀರಿಕೊಂಡು ಹೋಗಿ, ಕಂದು ಬಣ್ಣದ ಹವಳದ ತಲೆಗಳು ಒಂದು ಕ್ಷಣ ಹೊರಗೆ ಕಾಣುತ್ತಿದ್ದವು. ಕಾರವಾರದಲ್ಲಿ ದೊಡ್ಡ ಉಬ್ಬರ ಇಳಿತದ ಅಂತರ ಸುಮಾರು ಎರಡು ಮೀಟರ್. ಅಲ್ಲಿ ಅದು ಒಂದು ಮೀಟರಿನ ಆಸುಪಾಸು. ಅಷ್ಟೇ ತಾನೇ ಎಂದುಕೊಳ್ಳಬಾರದು. ಸೊಂಟದ ಮಟ್ಟದ ನೀರು ಮೊಣಕಾಲಿಗೆ ಇಳಿಯಲು ಅರ್ಧ ಮೀಟರು ಸಾಕು. ನಾನು ನೋಡಿದೆ, ಬೋರ್ಡನ್ನು ಚೀಲಕ್ಕೆ ಹಾಕಿ ಕುಳಿತೆ. ಅದಕ್ಕಾಗಿ ನನಗೆ ನಾಚಿಕೆಯೇನೂ ಇಲ್ಲ. ಗೋಕರ್ಣದ ಗೆಳೆಯರೊಬ್ಬರು ಮೂರು ಅಲೆ ಚೆನ್ನಾಗಿಯೇ ಹಿಡಿದು, ನಾಲ್ಕನೆಯದರಲ್ಲಿ ಬಿದ್ದು, ಬೆನ್ನು ಮತ್ತು ಎಡ ಮೊಣಕೈ ಕೊಯ್ದುಕೊಂಡು ಬಂದರು.

ದೋಣಿಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ತೆರೆದಾಗ ಅದರಲ್ಲಿ ಇದ್ದದ್ದು ಎರಡು ವರ್ಷದ ಹಿಂದೆಯೇ ಅವಧಿ ಮುಗಿದ ಮುಲಾಮು, ಉಪ್ಪುಗಾಳಿಗೆ ತುಕ್ಕು ಹಿಡಿದ ಕತ್ತರಿ, ಅರ್ಧ ಸುರುಳಿ ಪಟ್ಟಿ ಮತ್ತು ತಲೆನೋವಿನ ಮಾತ್ರೆ. ಹವಳದ ಗಾಯದಲ್ಲಿ ಕಣ್ಣಿಗೆ ಕಾಣದ ಚೂರುಗಳೂ ಕಡಲಿನ ಸೂಕ್ಷ್ಮಜೀವಿಗಳೂ ಉಳಿದುಬಿಡುತ್ತವೆ. ಕೂಡಲೇ ಚೊಕ್ಕ ನೀರಿನಲ್ಲಿ ತಿಕ್ಕಿ ತೊಳೆಯದಿದ್ದರೆ ಆ ಬಿಸಿ ಹವೆಯಲ್ಲಿ ಎರಡೇ ದಿನಕ್ಕೆ ಕೀವಾಗುತ್ತದೆ. ಅಡುಗೆಯವನು ಕುದಿಸಿ ಆರಿಸಿದ ನೀರನ್ನು ತಂದುಕೊಟ್ಟ. ಕಾರವಾರದ ಔಷಧದಂಗಡಿಯಲ್ಲಿ ನಾವೇ ಕೊಂಡು ತಂದಿದ್ದ ಪೊವಿಡೋನ್ ಅಯೋಡಿನ್, ಮೃದುವಾದ ಹೊಸ ಹಲ್ಲುಜ್ಜುವ ಬ್ರಷ್ಷು, ಗಾಜ್ ಪಟ್ಟಿ ಆಗ ಕೆಲಸಕ್ಕೆ ಬಂದವು. ತಿಕ್ಕುವಾಗ ಆ ಮನುಷ್ಯ ಕೂಗಿದ್ದನ್ನು ಪಕ್ಕದ ದ್ವೀಪದ ಕಾಗೆಗಳೂ ಕೇಳಿರಬೇಕು. ಸಂಜೆ ತಿನಧೂ ದ್ವೀಪದ ಆಸ್ಪತ್ರೆಗೆ ಕರೆದೊಯ್ದು ಮೊಣಕೈಗೆ ನಾಲ್ಕು ಹೊಲಿಗೆ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಬಂದೆವು. ಅವರ ಪ್ರವಾಸ ವಿಮೆಯಲ್ಲಿ ‘ಸಾಹಸ ಕ್ರೀಡೆ’ಗಳನ್ನು ಸಣ್ಣಕ್ಷರದಲ್ಲಿ ಹೊರಗಿಟ್ಟಿದ್ದರಿಂದ ಒಂದು ಪೈಸೆಯೂ ಬರಲಿಲ್ಲ. ಹೊರಡುವವರು ಆ ಸಣ್ಣಕ್ಷರವನ್ನು ಓದಿಯೇ ಹೊರಡಬೇಕು.

ಹತ್ತಿರದ ಡಾಕ್ಟರು ಒಂದೂವರೆ ತಾಸು ದೂರವಿರುವ ಕಡೆ, ಜನರನ್ನು ಹವಳದ ಮೇಲೆ ಬೀಳಿಸುವುದನ್ನೇ ಕಸುಬು ಮಾಡಿಕೊಂಡವರು ಔಷಧದ ಪೆಟ್ಟಿಗೆಯನ್ನು ಹೀಗೆ ಇಟ್ಟಿರುವುದಕ್ಕೆ ಕ್ಷಮೆಯಿಲ್ಲ. ಕಪ್ತಾನರನ್ನು ಕೇಳಿದರೆ, ಪ್ರತಿ ತಿಂಗಳೂ ಮಾಲೆಯ ಕಚೇರಿಗೆ ಪಟ್ಟಿ ಕಳಿಸುತ್ತೇನೆ ಎಂ‌ದು ಪುಸ್ತಕ ತೆಗೆದು ತೋರಿಸಿದರು. ಪಟ್ಟಿ ಇತ್ತು, ತಾರೀಖೂ ಇತ್ತು. ಅದಕ್ಕಿಂತಲೂ ನನ್ನನ್ನು ಕಾಡಿದ್ದು ಬೇರೆ. ಮುಂಗಡ ಕಟ್ಟುವಾಗ ಏಜೆನ್ಸಿಯವರು ನಮ್ಮ ಎತ್ತರ, ತೂಕ, ಪಾದದ ಅಳತೆಗಳನ್ನೂ ಕೇಳಿದ್ದರು. ಸರ್ಫಿಂಗ್ ಎಷ್ಟು ಬರುತ್ತದೆ ಎಂದು ಮಾತ್ರ ಕೇಳಿರಲಿಲ್ಲ. ಕಳೆದ ಮಳೆಗಾಲದ ನಂತರ ಬೋರ್ಡು ಹಿಡಿದವರನ್ನೂ ಅವರು ಅದೇ ದುಡ್ಡಿಗೆ ಅದೇ ಅಲೆಯ ಬಾಯಿಗೆ ಬಿಡುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಹಾಗಾದರೆ ಯಾರು ಹೋಗಬಹುದು? ನಮ್ಮ ತೀರದ ಎದೆಯೆತ್ತರದ ಅಲೆಯಲ್ಲಿ ಏಳುವುದಷ್ಟೇ ಅಲ್ಲ, ಎದ್ದ ಕೂಡಲೇ ಎಡಕ್ಕೋ ಬಲಕ್ಕೋ ತಿರುಗಿಸಿ ಅಲೆಯ ಮುಖದ ಮೇಲೆ ಉಳಿಯಬಲ್ಲವರು; ಬೀಳುವುದಾದರೆ ಚಾಪೆಯಂತೆ ಚಪ್ಪಟೆಯಾಗಿ ಬೀಳಲು ಕಲಿತವರು; ಒಂದು ತಾಸು ನಿಲ್ಲದೆ ಕೈಬೀಸಿ ಈಜಬಲ್ಲವರು. ಅಷ್ಟು ಬಂದವರಿಗೆ ಹುವಧುವಿನಲ್ಲಿ ಬೀಕನ್ಸ್ ಒಂದೇ ಅಲ್ಲ. ಎಡಕ್ಕೆ ಸುಲಿಯುವ ಟೈಗರ್ ಸ್ಟ್ರೈಪ್ಸ್, ಲವ್ ಚಾರ್ಮ್ಸ್ ಅಲೆಗಳಿವೆ. ನಮ್ಮ ತೀರದ ಅಲೆ ನೊರೆಯಾಗುವಷ್ಟು ಹೊತ್ತಿನಲ್ಲಿ ಅಲ್ಲಿ ನೀವು ಮೂರು ಸಲ ತಿರುಗಿಸಿ, ಇನ್ನೂ ಮುಂದೆ ಹಸಿರು ಗೋಡೆ ಉಳಿದಿರುವುದನ್ನು ಕಾಣುತ್ತೀರಿ. ಲವ್ ಚಾರ್ಮ್ಸ್‌ನಲ್ಲಿ ಆರನೆಯ ದಿನ ಸಂಜೆ ನನಗೆ ಸಿಕ್ಕ ಒಂದು ಅಲೆಗಾಗಿ ಮೂರು ವರ್ಷದ ಉಳಿತಾಯವನ್ನು ಮತ್ತೊಮ್ಮೆ ಕೊಡಲು ಸಿದ್ಧಳಿದ್ದೇನೆ, ಆದರೆ ಆ ಏಜೆನ್ಸಿಯವರ ಕೈಗಲ್ಲ. ಮುಂದಿನ ಸಲ ಕಪ್ತಾನರಿಗೇ ಫೋನು ಮಾಡಿ, ಅವರು ಯಾವ ದೋಣಿಯಲ್ಲಿದ್ದಾರೆಂದು ತಿಳಿದುಕೊಂಡು, ಆ ದೋಣಿಯನ್ನು ಹಿಡಿಯುವುದೆಂದು ಆರೂ ಮಂದಿ ಮಾತಾಡಿಕೊಂಡಿದ್ದೇವೆ.

ದೋಣಿ ಬದಲಿಸಿದ್ದಕ್ಕೆ ನೂರಕ್ಕೆ ಹತ್ತರಷ್ಟು ಹಣವನ್ನು ‘ಹದಿನಾಲ್ಕು ದಿನಗಳೊಳಗೆ’ ಮರಳಿಸುವುದಾಗಿ ಏಜೆನ್ಸಿಯವರು ಏಪ್ರಿಲ್ ಕೊನೆಗೆ ಬರೆದರು. ಅದು ಬಂದದ್ದು ಜುಲೈಯಲ್ಲಿ, ಅದೂ ಬ್ಯಾಂಕಿನ ಶುಲ್ಕ ಕಳೆದು. ಔಷಧದ ಪೆಟ್ಟಿಗೆಯ ಬಗ್ಗೆ ಬರೆದ ಎರಡು ಪತ್ರಗಳಿಗೆ ಇಂದಿನವರೆಗೂ ಉತ್ತರವಿಲ್ಲ.

ಕೊನೆಯ ದಿನ ಇಳಿತದ ಹೊತ್ತಿನಲ್ಲಿ ನನ್ನ ಬೋರ್ಡಿನ ಅಡಿಯ ಫಿನ್ನೂ, ಅಂದರೆ ಮೀನಿನ ರೆಕ್ಕೆಯಂಥ ಹಲಗೆಯೂ, ದಿಬ್ಬಕ್ಕೆ ತಾಗಿ ಬುಡದಲ್ಲಿ ಬಿರುಕು ಬಿಟ್ಟಿತ್ತು. ಊರಿಗೆ ಬಂದ ಮೇಲೆ ಬೈತಖೋಲದಲ್ಲಿ ಫೈಬರ್ ದೋಣಿ ದುರಸ್ತಿ ಮಾಡುವವರ ಬಳಿಗೆ ಒಯ್ದೆ. ಮೀನುದೋಣಿಗೆ ಬಳಸುವ ಪಾಲಿಯೆಸ್ಟರ್ ರಾಳ ಥರ್ಮಾಕೋಲಿನ ಜಾತಿಯ ತಿರುಳಿರುವ ಬೋರ್ಡುಗಳನ್ನು ಕರಗಿಸಿ ತಿಂದುಬಿಡುತ್ತದೆ, ಅಂಥವಕ್ಕೆ ಎಪಾಕ್ಸಿಯೇ ಬೇಕು. ನನ್ನದು ಪಾಲಿಯುರೆಥೇನ್ ತಿರುಳಿನದಾದ್ದರಿಂದ ತೊಂದರೆಯಿರಲಿಲ್ಲ. ಅವರು ಬಿರುಕನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು, ‘ಅಕ್ಕೋರೆ, ಬಂಡೆ ತಾಗಿದ್ದಷ್ಟೇ ಅಲ್ಲ, ಬಂಡೆನೇ ಒಳಗೆ ಕೂತದೆ’ ಎಂದು ಇಕ್ಕಳದಿಂದ ಅಕ್ಕಿಕಾಳಿನಷ್ಟು ಬಿಳಿಯ ಹವಳದ ಚೂರನ್ನು ಎಳೆದು ನನ್ನ ಅಂಗೈಯಲ್ಲಿಟ್ಟರು. ಮಾಲ್ಡೀವ್ಸ್‌ನಿಂದ ಹವಳವನ್ನು ಹೊರಗೆ ಒಯ್ಯುವುದು ಅಪರಾಧವೆಂದು ಮಾಲೆಯ ವಿಮಾನ ನಿಲ್ದಾಣದಲ್ಲಿ ಓದಿದ ಫಲಕ ನೆನಪಾಯಿತು. ದುರಸ್ತಿಗೆ ಎಂಟು ನೂರು ರೂಪಾಯಿ ಆಗುತ್ತದೆ, ಎರಡು ದಿನ ಬೇಕು ಎಂದರು. ಎರಡೇ ದಿನಕ್ಕೆ ಕೊಟ್ಟರು, ಎಂಟು ನೂರನ್ನೇ ತೆಗೆದುಕೊಂಡರು.